ಮಗು ಬೆಳೆಯದಿದ್ದರೆ ತಾಯಿಯೇ ಆರೋಪಿಯಾ?

ಬಸವಕಲ್ಯಾಣ ತಾಲ್ಲೂಕಿನ ನಾರಾಯಣಪುರದಿಂದ ಒಬ್ಬ ವೀಕ್ಷಕರು ಫೋನ್ ಮಾಡಿದ್ದರು. "ಮಗಳಿಗೆ ಆರು ವರ್ಷ, ಎತ್ತರ ಮೂರು ವರ್ಷದ ಕೂಸಿನಷ್ಟು. ತವರಿನ ದೋಷ ತಂದಾಳ ಅಂತ ನನ್ನ ಹೆಂಡತಿಗೆ ಎಲ್ಲರೂ ಅಂತಾರ್ರೀ" ಅಂದರು. ಹೆಂಡತಿ ಯಾರು? ಅವರ ಸ್ವಂತ ಅಕ್ಕನ ಮಗಳು! ಹಾಗಾದ್ರೆ ಆ ತವರು ಯಾರ ಮನೆ ಸ್ವಾಮಿ?

ನೋಡಿ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಅಂತ ಊರಿದೆ. 1974-75ರಲ್ಲಿ ಅಲ್ಲಿ ಒಂದು ವಿಚಿತ್ರ ಕಾಯಿಲೆ ಬೆಳಕಿಗೆ ಬಂತು. ಸೊಂಟ, ಮಂಡಿಗಳಲ್ಲಿ ನೋವು, ಸವೆಯುವ ಕೀಲುಗಳು, ಕೆಲವರಲ್ಲಿ ಕುಂಠಿತವಾದ ಎತ್ತರ. ನರಳಿದವರು ಬಹುಪಾಲು ದಲಿತ ಕುಟುಂಬಗಳು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣ ಅನ್ನೋ ಗುಮಾನಿ ಮೊದಲು ಹಬ್ಬಿತ್ತು. ಅಂದ್ರೆ ಬಡವರ ಊಟವೇ ಆರೋಪಿ! ಆಮೇಲೆ ವಂಶಾವಳಿ ಹಿಡಿದು ನೋಡಿದಾಗ ಗೊತ್ತಾಗಿದ್ದು, ಇದು ಅನುವಂಶೀಯ. ತಂದೆ ಅಥವಾ ತಾಯಿ, ಒಬ್ಬರಿಂದ ಬಂದ ಒಂದೇ ಕೆಟ್ಟ ಜೀನ್ ಸಾಕು. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಗಂಡು ಕೊಟ್ಟರೂ ಅಷ್ಟೇ, ಹೆಣ್ಣು ಕೊಟ್ಟರೂ ಅಷ್ಟೇ.

ಇನ್ನೊಂದು ಬಗೆಯಿದೆ. ಅದಕ್ಕೆ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಸೋದರಮಾವನ ಮದುವೆಯಲ್ಲಿ ಅಪಾಯ ಹೆಚ್ಚೋದು ಇಲ್ಲಿ, ಯಾಕಂದ್ರೆ ಇಬ್ಬರ ಕೈಲೂ ಒಂದೇ ಅಜ್ಜಿಯ ಆಸ್ತಿ ಇರಬಹುದು. ಆಗಲೂ ಪಾಲು ಇಬ್ಬರದ್ದೂ.

ನಾನು ಇಂಜಿನಿಯರಿಂಗ್ ಓದಿದವನು. ಸಾವಿರಾರು ಸಾಲಿನ ಕೋಡ್‌ನಲ್ಲಿ ಒಂದಕ್ಷರ ತಪ್ಪಿದರೆ ಏನಾಗುತ್ತೆ ಅಂತ ಗೊತ್ತು. ಅಕಾಂಡ್ರೋಪ್ಲೇಸಿಯಾ ಅನ್ನೋ ಕುಬ್ಜತೆಗೆ ಕಾರಣ ಎಫ್‌ಜಿಎಫ್‌ಆರ್3 ಎಂಬ ಜೀನ್‌ನಲ್ಲಿ ಒಂದಕ್ಷರದ ಬದಲಾವಣೆ. ಇಂಥ ಮಕ್ಕಳಲ್ಲಿ ಶೇ. 80ರಷ್ಟು ಮಂದಿಯ ತಂದೆತಾಯಿ ಸಾಮಾನ್ಯ ಎತ್ತರದವರೇ. ಆ ಬದಲಾವಣೆ ಹೊಸದಾಗಿ ಆಗಿರುತ್ತೆ. ಹಾಗೆ ಹೊಸದಾಗಿ ಆದಾಗ ಹೆಚ್ಚಾಗಿ ಅದು ಬರೋದು ತಂದೆಯ ವೀರ್ಯಾಣುವಿನಿಂದ. ಇದನ್ನ ನಾರಾಯಣಪುರದ ಕಟ್ಟೆಯ ಮೇಲೆ ಯಾರಾದರೂ ಗಟ್ಟಿಯಾಗಿ ಓದಿ ಹೇಳಲಿ.

ಬಯ್ಯೋ ಮುಂಚೆ ಅಳೀರಿ. ನಾಲ್ಕು ವರ್ಷ ದಾಟಿದ ಮಗು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಬೆಳೀಬೇಕು. 4ಕ್ಕಿಂತ ಕಡಿಮೆ ಆದ್ರೆ ಮಕ್ಕಳ ಡಾಕ್ಟರ್ ಹತ್ರ ಹೋಗಿ. ಕುಳ್ಳಗಿರೋದಕ್ಕೆಲ್ಲ ಜೀನೇ ಕಾರಣ ಅಲ್ಲ. ಥೈರಾಯ್ಡ್ ಕೊರತೆ ಇದ್ರೆ ದಿನಕ್ಕೊಂದು ಮಾತ್ರೆಯಿಂದ ಮಗು ಮತ್ತೆ ಬೆಳೆಯುತ್ತೆ. ಬೀದರಿನ ಬ್ರಿಮ್ಸ್‌ಗೆ ಹೋಗ್ತೀರಾ, ಕಲಬುರಗಿಗೆ ಹೋಗ್ತೀರಾ, ಹೋಗಿ. ಆದ್ರೆ ತಾಯಿಯೊಬ್ಬಳನ್ನೇ ಕಳಿಸಬೇಡಿ. ಮಗು ಎಷ್ಟು ಬೆಳೀಬೇಕು ಅಂತ ಲೆಕ್ಕ ಹಾಕೋಕೆ ಡಾಕ್ಟರ್ ಅಪ್ಪನ ಎತ್ತರವನ್ನೂ ಅಳೀತಾರೆ.