ಊಟದ ಮೊದಲ ತಟ್ಟೆ



1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗಿನ ಮೊದಲ ದರ್ಜೆಯವರಿಗೆ ಬಡಿಸಿದ ಊಟದ ಪಟ್ಟಿ ಇಂದಿಗೂ ಉಳಿದಿದೆ. ಪಟ್ಟಿ ಶುರುವಾಗುವುದು ಬಗೆಬಗೆಯ ‘ಓರ್ ದವ್ರ್’ ಮತ್ತು ಆಯ್ಸ್ಟರ್‌ಗಳಿಂದ. ಏಳನೆಯ ಎಡ್ವರ್ಡ್ ಬ್ರಿಟನ್ನನ್ನು ಆಳಿದ್ದು 1901ರಿಂದ 1910ರವರೆಗೆ. ಆ ಕಾಲದ ಸಿರಿವಂತರ ಭೋಜನದ ಠೀವಿಯೆಲ್ಲ ಈ ಮೊದಲ ತಟ್ಟೆಯಲ್ಲೇ ಕಾಣುತ್ತಿತ್ತು.

ಓರ್ ದವ್ರ್ ಎಂಬ ಫ್ರೆಂಚ್ ಮಾತಿಗೆ ‘ಮುಖ್ಯ ಕೆಲಸದ ಹೊರಗಿನದು’ ಎಂದು ಅರ್ಥ. ಉಪ್ಪು ಹಾಕಿದ ಸಣ್ಣ ಮೀನು, ಆಲಿವ್, ಮೂಲಂಗಿ, ಸ್ಟರ್ಜನ್ ಮೀನಿನ ಮೊಟ್ಟೆಯಾದ ಕ್ಯಾವಿಯರ್ ಇವೆಲ್ಲ ಇದರಲ್ಲಿ ಸೇರುತ್ತಿದ್ದವು. ಹಿಂದೆ ಹಲವು ಭಕ್ಷ್ಯಗಳನ್ನು ಒಟ್ಟಿಗೇ ಮೇಜಿನ ಮೇಲೆ ಜೋಡಿಸುವ ಫ್ರೆಂಚ್ ಪದ್ಧತಿಯಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಒಂದಾದ ಮೇಲೊಂದು ಬಡಿಸುವ ರಷ್ಯನ್ ಪದ್ಧತಿ ಬಂತು. ಊಟಕ್ಕೆ ಹೀಗೆ ಸರದಿ ಏರ್ಪಟ್ಟ ಮೇಲೆ ಮೊದಲು ಬರುವ ತಟ್ಟೆಗೂ ಬೆಲೆ ಬಂತು.

ಎಲ್ಲರೂ ಇದನ್ನು ಒಪ್ಪಿರಲಿಲ್ಲ. ಲಂಡನ್ನಿನ ಕಾರ್ಲ್‌ಟನ್ ಹೋಟೆಲಿನ ಪ್ರಸಿದ್ಧ ಬಾಣಸಿಗ ಎಸ್ಕಾಫಿಯೆ 1903ರ ತನ್ನ ಪಾಕಗ್ರಂಥದಲ್ಲಿ, ರಾತ್ರಿಯೂಟಕ್ಕೆ ತಣ್ಣನೆಯ ಓರ್ ದವ್ರ್ ಅನಗತ್ಯ, ಅದರಿಂದ ಮುಂದೆ ಬರುವ ಸೂಪಿನ ರುಚಿ ಕೆಡುತ್ತದೆ ಎಂದು ವಾದಿಸಿದ. ಆತ ವಿನಾಯಿತಿ ಕೊಟ್ಟದ್ದು ಕ್ಯಾವಿಯರ್, ಆಯ್ಸ್ಟರ್‌ನಂಥ ಕೆಲವಕ್ಕೆ ಮಾತ್ರ.

ಆಯ್ಸ್ಟರ್ ಎಂದರೆ ಸಿಂಪಿಯೊಳಗಿನ ಜೀವಿ. ಅದನ್ನು ಹಸಿಯಾಗಿಯೇ ತಿನ್ನುತ್ತಿದ್ದರು. ಒಂದು ಕಾಲಕ್ಕೆ ಲಂಡನ್ನಿನ ಬಡವರ ಆಹಾರವಾಗಿದ್ದ ಅದು, ಮಿತಿಮೀರಿ ಹಿಡಿದದ್ದರಿಂದ ಅಪರೂಪವಾಗಿ ಶ್ರೀಮಂತರ ಮೇಜಿಗೇರಿತು. ಆದರೆ ಈ ಜೀವಿ ತನ್ನ ಸುತ್ತಲಿನ ನೀರನ್ನು ಸೋಸಿ ಬದುಕುತ್ತದೆ. ನೀರು ಕೊಳಕಾದರೆ ಆ ಕೊಳಕೂ ಅದರೊಳಗೆ ಸೇರುತ್ತದೆ.

1902ರ ನವೆಂಬರಿನಲ್ಲಿ ವಿಂಚೆಸ್ಟರ್ ಮತ್ತು ಸೌತಾಂಪ್ಟನ್ ನಗರಗಳಲ್ಲಿ ಮೇಯರರ ಔತಣಕೂಟಗಳು ನಡೆದವು. ಎರಡೂ ಕಡೆ ಎಮ್ಸ್‌ವರ್ತ್ ಎಂಬ ಕಡಲತೀರದ ಊರಿನ ಆಯ್ಸ್ಟರ್ ಬಡಿಸಲಾಗಿತ್ತು. ಆಮೇಲೆ ಕೆಲವು ಅತಿಥಿಗಳು ವಿಷಮಶೀತ ಜ್ವರದಿಂದ, ಅಂದರೆ ಟೈಫಾಯಿಡಿನಿಂದ, ಹಾಸಿಗೆ ಹಿಡಿದರು. ವಿಂಚೆಸ್ಟರ್ ಕೆಥೆಡ್ರಲಿನ ಡೀನ್ ಸ್ಟೀಫನ್ಸ್ ತೀರಿಕೊಂಡರು. ಎಮ್ಸ್‌ವರ್ತಿನ ಚರಂಡಿ ನೀರು ಆಯ್ಸ್ಟರ್ ಬೆಳೆಸುವ ಜಾಗಕ್ಕೇ ಹರಿಯುತ್ತಿತ್ತೆಂಬುದು ಬೆಳಕಿಗೆ ಬಂತು.

ಕಳಂಕ ಹೊತ್ತದ್ದು ಬೆಸ್ತರು ಮತ್ತು ವ್ಯಾಪಾರಿಗಳು. ಊರಿನ ಆಯ್ಸ್ಟರ್ ವ್ಯಾಪಾರ ನೆಲಕಚ್ಚಿತು. ಫಾಸ್ಟರ್ ಎಂಬ ವ್ಯಾಪಾರಿ ಸುಮ್ಮನಿರದೆ ಸ್ಥಳೀಯ ಆಡಳಿತದ ಮೇಲೆ ದಾವೆ ಹೂಡಿದ. 1906ರಲ್ಲಿ ಮೇಲ್ಮನವಿ ನ್ಯಾಯಾಲಯ ಅವನ ಪರವಾಗಿ ತೀರ್ಪಿತ್ತಿತು. ಆ ಹೊತ್ತಿಗೆ ಗಿರಾಕಿಗಳ ನಂಬಿಕೆ ಹೋಗಿಬಿಟ್ಟಿತ್ತು.

ಹಳೆಯ ಊಟದ ಪಟ್ಟಿಗಳನ್ನು ಓದುವಾಗ ಬೆಳ್ಳಿಯ ಚಮಚ, ಮೇಣದ ಬತ್ತಿಗಳೇ ನಮ್ಮ ಕಣ್ಮುಂದೆ ಬರುತ್ತವೆ. ಆ ತಿನಿಸು ಬೆಳೆದ ನೀರು ಎಂಥದು, ಅದನ್ನು ಬೆಳೆಸಿದವರ ಗತಿ ಏನಾಯಿತು ಎಂಬುದು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಅದನ್ನೂ ಕೇಳಿ ತಿಳಿದಾಗಲೇ ಆ ಯುಗದ ಭೋಜನದ ಚರಿತ್ರೆ ಪೂರ್ತಿಯಾದೀತು.