ಒಂದೇ ಹಾಳೆಗೆ ಹಲವು ಕೈ
(ವಾಚನಾಲಯದಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ನಾನು ಮೆಟ್ರಿಕ್‌ವರೆಗೆ ಓದಿದವನು; ಹಗಲಲ್ಲಿ ಗಿರಣಿಯ ಗುಮಾಸ್ತ, ಸಂಜೆ ಇಲ್ಲಿ ಪತ್ರಿಕೆ ಜೋಡಿಸುವವನು. ಗಣಕಯಂತ್ರದ ಒಳಗುಟ್ಟನ್ನು ಕುರಿತು ಮಾತಾಡಲು ಇವನಿಗೇನು ಅಧಿಕಾರವೆಂದು ತಾವು ಕೇಳಬಹುದು. ಏನೂ ಇಲ್ಲ. ಆದರೆ ಒಂದೇ ಲೆಕ್ಕದ ಪುಸ್ತಕಕ್ಕೆ ನಾಲ್ವರು ಕಾದು ಕೂರುವ ಕಷ್ಟ ಗುಮಾಸ್ತನಿಗೆ ಚೆನ್ನಾಗಿ ಗೊತ್ತು. ಇಂದಿನ ವಿಷಯವೂ ಅದೇ.

ಯಂತ್ರದ ಎಲ್ಲ ಕೆಲಸಗಳಿಗೂ ಯಜಮಾನಿಕೆ ಮಾಡುವ ಮೂಲ ತಂತ್ರಾಂಶಕ್ಕೆ ಕರ್ನೆಲ್ ಎಂದು ಹೆಸರು. ಲಿನಕ್ಸ್ ಎಂಬ ಕರ್ನೆಲ್ ಈ ಊರಿಗೆ ಪರಕೀಯವಲ್ಲ. ಭಾರತದ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನ 2001ರ ಜುಲೈಯಲ್ಲಿ ಆರಂಭವಾದದ್ದು ತಿರುವನಂತಪುರದಲ್ಲೇ. ಜೇಬಿನಲ್ಲಿ ಆಂಡ್ರಾಯ್ಡ್ ಫೋನು ಇರುವವರು ಲಿನಕ್ಸನ್ನು ಹೊತ್ತುಕೊಂಡೇ ಇಲ್ಲಿಗೆ ಬಂದಿದ್ದೀರಿ.

ಈಗಿನ ಯಂತ್ರದಲ್ಲಿ ಪ್ರೊಸೆಸರ್ ಒಂದಲ್ಲ; ನಾಲ್ಕು, ಎಂಟು, ದೊಡ್ಡ ಯಂತ್ರಗಳಲ್ಲಿ ನೂರಕ್ಕೂ ಮಿಕ್ಕಿ. ಒಂದೊಂದನ್ನೂ ಒಬ್ಬ ಗುಮಾಸ್ತನೆಂದು ಭಾವಿಸಿರಿ. ಮುಖ್ಯ ಸ್ಮೃತಿಯೆಂಬುದು ದೂರದ ಉಗ್ರಾಣ. ಆದ್ದರಿಂದ ಪ್ರತಿಯೊಬ್ಬನ ಮೊಣಕೈ ಪಕ್ಕದಲ್ಲಿ ಕ್ಯಾಶ್ ಎಂಬ ಸಣ್ಣ ಕಪಾಟು. ಉಗ್ರಾಣದಿಂದ ಸರಕು ಕಾಳುಕಾಳಾಗಿ ಬರುವುದಿಲ್ಲ, ಸಾಮಾನ್ಯವಾಗಿ 64 ಬೈಟುಗಳ ಅಳತೆಯಲ್ಲಿ ಬರುತ್ತದೆ. ಅದನ್ನು ಒಂದು ಹಾಳೆ ಎನ್ನೋಣ. ಓದುವುದಕ್ಕಾದರೆ ಒಂದೇ ಹಾಳೆಯ ಪ್ರತಿಯನ್ನು ಎಷ್ಟು ಜನ ಬೇಕಾದರೂ ಇಟ್ಟುಕೊಳ್ಳಬಹುದು. ಒಬ್ಬನು ಅದರ ಮೇಲೆ ಶಾಯಿ ಹಚ್ಚಿದನೋ, ಉಳಿದವರ ಪ್ರತಿಗಳೆಲ್ಲ ರದ್ದು! ಇದು ದೋಷವಲ್ಲ; ಹೀಗಿಲ್ಲದಿದ್ದರೆ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಾಳೆಯಾಗದು. ಆದರೆ ಎಲ್ಲರೂ ಒಂದೇ ಹಾಳೆಯಲ್ಲಿ ಬರೆಯತೊಡಗಿದರೆ ಹಾಳೆ ಮೇಜಿನಿಂದ ಮೇಜಿಗೆ ತಿರುಗುತ್ತಲೇ ಇರುತ್ತದೆ, ಗುಮಾಸ್ತರು ಲೇಖನಿ ಹಿಡಿದು ಸುಮ್ಮನೆ ಕೂತಿರುತ್ತಾರೆ. ಪ್ರೊಸೆಸರ್ ಹೆಚ್ಚಿಸಿದಷ್ಟೂ ಕೆಲಸ ಕುಗ್ಗುವುದುಂಟು. ದಿವಾನ್ ಕೇಶವದಾಸರ ಕಾಲದ ನಮ್ಮ ಚಾಲೈ ಬೀದಿಗೆ ಇನ್ನೂ ಹತ್ತು ಕೈಗಾಡಿ ನುಗ್ಗಿಸಿದರೆ ಮೂಟೆ ಬೇಗ ಮುಟ್ಟುತ್ತದೆಯೇ?

ಇಲ್ಲೊಂದು ಮೋಸವೂ ಇದೆ. ಅಕ್ಕಿಯ ಲೆಕ್ಕ ಹಾಳೆಯ ಮೇಲ್ಭಾಗದಲ್ಲಿ, ಕೊಬ್ಬರಿಯ ಲೆಕ್ಕ ಕೆಳಭಾಗದಲ್ಲಿದ್ದರೆ, ಸಂಬಂಧವೇ ಇಲ್ಲದ ಇಬ್ಬರು ಒಂದೇ ಹಾಳೆಗೆ ಎಳೆದಾಡುತ್ತಾರೆ. ಕಾಗದ ಹಾಳಾದರೂ ಸರಿಯೆಂದು ಬೇರೆ ಬೇರೆ ಹಾಳೆ ಕೊಟ್ಟರಾಯಿತು. ಬರಿಯ ಎಣಿಕೆಯ ಕೆಲಸಕ್ಕೆ ಪ್ರತಿಯೊಬ್ಬನಿಗೂ ತನ್ನದೇ ಚೀಟಿ. ಮೊತ್ತ ಬೇಕಾದಾಗ ಕೂಡಿಸಿಕೊಳ್ಳುವುದು. ಈ ಕ್ಷಣದ ನಿಖರ ಮೊತ್ತ ಸಿಗದು. ಬಂದ ಟಪಾಲು ಎಣಿಸಲು ಅದು ಸಾಕು, ನಗದು ಪೆಟ್ಟಿಗೆಗೆ ಸಾಲದು.

ನನಗೆ ಅತ್ಯಂತ ವಿಚಿತ್ರವೆನಿಸಿದ್ದು ಓದುಗರ ಪಾಡು. ನಮ್ಮ ಹಲಗೆಯ ಪತ್ರಿಕೆಯನ್ನು ಹತ್ತು ಜನ ಒಟ್ಟಿಗೆ ನೋಡಬಹುದು. ಆದರೆ ಬಾಗಿಲ ಹಾಜರಿ ಪುಸ್ತಕಕ್ಕೆ ಒಬ್ಬೊಬ್ಬರೇ ಸಹಿ ಹಾಕಬೇಕು. ನೂಕುನುಗ್ಗಲು ಪತ್ರಿಕೆಯ ಮುಂದಲ್ಲ, ಪುಸ್ತಕದ ಮುಂದೆ! ಕರ್ನೆಲಿನಲ್ಲೂ 'ನಾನು ಓದುತ್ತಿದ್ದೇನೆ' ಎಂದು ಗುರುತು ಹಾಕುವುದೇ ಒಂದು ಬರವಣಿಗೆ. 2002ರಲ್ಲಿ ಲಿನಕ್ಸಿಗೆ ಸೇರಿದ ಆರ್.ಸಿ.ಯು. ಎಂಬ ವಿಧಾನದಲ್ಲಿ ಓದುಗನಿಗೆ ಸಹಿಯೇ ಇಲ್ಲ. ತಿದ್ದುವವನು ಹೊಸ ಹಾಳೆಯನ್ನು ಬೇರೆಡೆ ಸಿದ್ಧಪಡಿಸಿ ಒಂದೇ ಏಟಿಗೆ ಹಲಗೆಗೆ ಹಚ್ಚುತ್ತಾನೆ. ಹಳೆಯದನ್ನು ಓದುತ್ತಿದ್ದವರೆಲ್ಲ ಮುಗಿಸುವವರೆಗೂ ಅದನ್ನು ಹರಿಯುವಂತಿಲ್ಲ. ಹೊರೆಯೆಲ್ಲ ತಿದ್ದುವವನದು, ಹಳೆಯ ಕಾಗದವೂ ಕೆಲಕಾಲ ಜಾಗ ತಿನ್ನುತ್ತದೆ. ದಿನವಿಡೀ ತಿದ್ದುಪಡಿಯೇ ಆಗುವಲ್ಲಿ ಇದು ತಕ್ಕದ್ದಲ್ಲ.

ಇದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ಕಡತವೊಂದನ್ನು ತೆರೆಯಬೇಕಾದರೆ ಕರ್ನೆಲ್ ಅದರ ಹೆಸರನ್ನು ಬೇರಿನಿಂದ ಮೆಟ್ಟಿಲುಮೆಟ್ಟಿಲಾಗಿ ಹುಡುಕುತ್ತದೆ. ಆ ಹೆಸರುಗಳ ಪಟ್ಟಿಯೇ ಡಿ-ಕ್ಯಾಶ್. ಹಿಂದೆ ಎಲ್ಲ ಹುಡುಕಾಟಕ್ಕೂ ಒಂದೇ ಬೀಗ. ಬೆಂಗಳೂರಿನ ಐ.ಬಿ.ಎಂ. ಲಿನಕ್ಸ್ ಕೇಂದ್ರದ ದೀಪಂಕರ್ ಸರ್ಮಾ, ಮನೀಶ್ ಸೋನಿ ಇವರು ಅಮೆರಿಕದ ಪಾಲ್ ಮೆಕೆನಿ ಅವರೊಡಗೂಡಿ, ಹುಡುಕುವವನು ಆ ದೊಡ್ಡ ಬೀಗ ಮುಟ್ಟದಂತೆ ಮಾಡಿದರು. ಅದನ್ನು 2004ರ ಜನವರಿಯ 'ಲಿನಕ್ಸ್ ಜರ್ನಲ್'ನಲ್ಲಿ ವಿವರಿಸಿದರು.

ಅಲ್ಲಿಗೆ ಮುಗಿಯಲಿಲ್ಲ. ಪ್ರತಿ ಹೆಸರಿಗೂ ಒಂದು ಚಿಕ್ಕ ಬೀಗ, ಒಂದು ಎಣಿಕೆ ಉಳಿದಿತ್ತು. ಎಲ್ಲರೂ ಹಾಯುವ ಬೇರಿನ ಹೆಸರಿನ ಮೇಲೆ ಮತ್ತೆ ಎಲ್ಲರದೂ ಶಾಯಿ. ಹೆಬ್ಬಾಗಿಲ ಜಂಗುಳಿ ಕಿರುಬಾಗಿಲಿಗೆ ಸರಿದಿತ್ತು. 2010ರಲ್ಲಿ ಎಂ.ಐ.ಟಿ.ಯವರು 48 ಕೋರುಗಳ ಯಂತ್ರದಲ್ಲಿ ಪರೀಕ್ಷಿಸಿ ಇಂಥ ಹಲವು ಇಕ್ಕಟ್ಟುಗಳನ್ನು ಗುರುತಿಸಿದರು. 16 ತಿದ್ದುಪಡಿಗಳು, ಸುಮಾರು 3000 ಸಾಲುಗಳಲ್ಲಿ ಬಹುಪಾಲು ಸಡಿಲವಾಯಿತು. 2011ರ ಮಾರ್ಚಿಯಲ್ಲಿ ಬಂದ 2.6.38ನೆಯ ಆವೃತ್ತಿಯಲ್ಲಿ, ನಿಕ್ ಪಿಗಿನ್ ಅವರ ಕೆಲಸದಿಂದ, ದಾರಿಯುದ್ದಕ್ಕೂ ಗುರುತೇ ಹಾಕದೆ ನಡೆಯುವಂತಾಯಿತು: ಮೊದಲು ಕ್ರಮಸಂಖ್ಯೆಯೊಂದನ್ನು ನೋಡುವುದು, ಓದಿದ ಮೇಲೆ ಮತ್ತೆ ನೋಡುವುದು; ಬದಲಾಗಿದ್ದರೆ ಓದಿದ್ದನ್ನು ಬಿಟ್ಟು ಮತ್ತೆ ಓದುವುದು, ಅಗತ್ಯಬಿದ್ದರೆ ಹಳೆಯ ನಿಧಾನದ ಕ್ರಮಕ್ಕೆ ಮರಳುವುದು. ಆ ದೊಡ್ಡ ಬೀಗವೂ ಆಗಲೇ ಕಾಣೆಯಾಯಿತು.

ಇವರ ಜಾಣ್ಮೆಗಿಂತ ನನಗೆ ಹಿಡಿಸಿದ್ದು ಅಳೆದು ನೋಡಿದ ತಾಳ್ಮೆ. ಯಾರು ಎಲ್ಲಿ ಕಾಯುತ್ತಿದ್ದಾರೆಂದು ತಿಳಿಯದೆ ಬೀಗ ಒಡೆಯುವವರು ಲೆಕ್ಕ ಕೆಡಿಸುತ್ತಾರೆ. ಯಾವ ಹಾಳೆಗೆ ಯಾರ ಕೈ ಎಂದು ತೋರಿಸುವ 'ಪರ್ಫ್ ಸಿ-ಟು-ಸಿ' ಎಂಬ ಸಾಧನ ಲಿನಕ್ಸಿನೊಡನೆ ಉಚಿತವಾಗಿಯೇ ಸಿಗುತ್ತದೆ. ಮೂಲ ಬರಹವೂ ಅಷ್ಟೆ, ಆರ್.ಸಿ.ಯು.ವನ್ನು ಬಿಡಿಸಿ ಹೇಳುವ ಕಡತಗಳು ಅದರಲ್ಲೇ ಇವೆ. ಕಾಲೇಜಿನ ತರುಣರು ಯಾರಾದರೂ ಓದಿ ಕನ್ನಡದಲ್ಲಿ ಬರೆದುಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಜಾಗವುಂಟು.