ಹುಣ್ಣಿಮೆ, ಗ್ರಹಣ ಮತ್ತು ಮನೆಯ ಬಸುರಿ



ಹುಣ್ಣಿಮೆ ಅಂದ್ರೆ ನಮಗೆ ಬರೀ ಬೆಳದಿಂಗಳಲ್ಲ. ನಮ್ಮ ವರ್ಷದ ಲೆಕ್ಕವೇ ಹುಣ್ಣಿಮೆಯಲ್ಲಿದೆ. ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸುತ್ತೇವೆ. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆ. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡ ತುಂಬುತ್ತದೆ. ಸೀಗೆ ಹುಣ್ಣಿಮೆ ಬಂದರಂತೂ ಹೊಲಕ್ಕೆ ಬುತ್ತಿ ಹೋಗಲೇಬೇಕು. ಪೈರು ತುಂಬಿದ ಭೂಮ್ತಾಯಿ ಬಸುರಿ ಅಂತ ನಮ್ಮ ನಂಬಿಕೆ. ಅವಳ ಬಯಕೆ ತೀರಿಸಲು ಹೋಳಿಗೆ, ಕಡುಬು, ರೊಟ್ಟಿ, ಪಲ್ಯ ಎಡೆ ಇಡುತ್ತೇವೆ. ಹೊಲದ ತುಂಬ ಚರಗ ಚೆಲ್ಲುತ್ತೇವೆ. ಎಷ್ಟು ಚೆಂದದ ಹಬ್ಬ! ಇದನ್ನು ಬಿಡಿ ಅಂತ ನಾವು ಹೇಳುವುದಿಲ್ಲ.

ಆದರೆ ಹುಣ್ಣಿಮೆ ದಿನ ಗ್ರಹಣ ಬಂತು ಅನ್ನಿ. ಆಗ ಮನೆಯ ಬಸುರಿಗೆ ಏನು ಮಾಡುತ್ತೇವೆ? ಕತ್ತಲೆ ಕೋಣೆಗೆ ಕಳಿಸುತ್ತೇವೆ. ಉಣಬೇಡ, ನೀರು ಕುಡಿಯಬೇಡ, ಈಳಿಗೆ ಮುಟ್ಟಬೇಡ ಅನ್ನುತ್ತೇವೆ. ಮುಟ್ಟಿದರೆ ಕೂಸಿನ ತುಟಿ ಸೀಳುತ್ತದಂತೆ! ಭೂಮ್ತಾಯಿಗೆ ಹೋಳಿಗೆ, ಮನೆ ಮಗಳಿಗೆ ಉಪವಾಸ. ಇದು ಯಾವ ನ್ಯಾಯ?

ಗ್ರಹಣ ಅಂದ್ರೆ ನೆರಳು. ದೀಪದ ಮುಂದೆ ಕೈ ಹಿಡಿದರೆ ಗೋಡೆ ಮೇಲೆ ನೆರಳು ಬೀಳುತ್ತದಲ್ಲ, ಹಾಗೇ. ಸೂರ್ಯ ಚಂದ್ರರ ನಡುವೆ ಭೂಮಿ ಬರುತ್ತದೆ. ಅದರ ನೆರಳು ಚಂದ್ರನ ಮೇಲೆ ಬೀಳುತ್ತದೆ. ಅದಕ್ಕೇ ಚಂದ್ರಗ್ರಹಣ ಹುಣ್ಣಿಮೆಗೇ ಆಗುವುದು. ಪ್ರತಿ ಹುಣ್ಣಿಮೆಗೂ ಯಾಕೆ ಆಗುವುದಿಲ್ಲ? ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆ. ಹೆಚ್ಚಿನ ಸಲ ಅವನು ನೆರಳಿನ ಮೇಲೋ ಕೆಳಗೋ ಹಾದುಹೋಗುತ್ತಾನೆ. ರಾಹು ನುಂಗಿದ ಕಥೆಯನ್ನು ಅಜ್ಜಿ ಹೇಳಿದರೆ ಕೇಳೋಣ, ಕಥೆ ಚೆನ್ನಾಗಿಯೇ ಇದೆ.

2025ರ ಸೆಪ್ಟೆಂಬರ್ 7ರ ಗ್ರಹಣ ನೆನಪಿದೆಯೇ? ರಾತ್ರಿ ಸುಮಾರು 10ಕ್ಕೆ ಹಿಡಿಯಿತು, ಒಂದೂವರೆಗೆ ಬಿಟ್ಟಿತು. ವೇಧೆ ಅಂತ 9 ತಾಸು ಮೊದಲೇ ಊಟ ಬಿಟ್ಟರೆ ಒಟ್ಟು ಎಷ್ಟಾಯಿತು, ನೀವೇ ಕೂಡಿಸಿ. ಹನ್ನೆರಡೂವರೆ ತಾಸು! ರಕ್ತ ಕಡಿಮೆ ಇರುವ ಬಸುರಿ ತಲೆ ಸುತ್ತಿ ಬಿದ್ದರೆ ಯಾರು ಹೊಣೆ? ಬಸುರಿಗೆ, ಮಕ್ಕಳಿಗೆ, ಮುದುಕರಿಗೆ ರಿಯಾಯಿತಿ ಉಂಟು ಅಂತ ಅನೇಕ ಪಂಚಾಂಗಗಳಲ್ಲೇ ಬರೆದಿರುತ್ತದೆ. ಈಗ ನಿಮಗೆ ಓದು ಬರುತ್ತದೆ. ಹುಡುಕಿ ಓದಿ, ಅತ್ತೆಯವರಿಗೂ ಓದಿ ಹೇಳಿ.

ಇನ್ನು ಸೀಳುತುಟಿ. ಕೂಸಿನ ತುಟಿ ಕೂಡುವುದು ಬಸಿರಿನ ಮೊದಲ ಎರಡು ತಿಂಗಳೊಳಗೇ. ಆಗ ಎಷ್ಟೋ ಜನರಿಗೆ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಆರನೇ ತಿಂಗಳಲ್ಲಿ ಈರುಳ್ಳಿ ಹೆಚ್ಚಿದರೆ ಕೂಡಿದ ತುಟಿ ಸೀಳುವುದು ಹೇಗೆ? ವಂಶದಲ್ಲಿ ಇದ್ದರೆ ಬರಬಹುದು. ತಂಬಾಕಿನಿಂದ, ಕೆಲವು ಔಷಧಿಗಳಿಂದಲೂ ಬರಬಹುದು. ಎಷ್ಟೋ ಸಲ ಡಾಕ್ಟರಿಗೂ ಕಾರಣ ಸಿಗುವುದಿಲ್ಲ. ಆದರೂ ಊರೆಲ್ಲ ತಾಯಿಯನ್ನೇ ದೂರುತ್ತದೆ. "ಗ್ರಹಣದಾಗ ಏನು ಮಾಡಿದ್ದೆ?" ಅಂತ ಕೇಳಿ ಕೇಳಿ ಅವಳು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ಮುಚ್ಚುವುದು ಬೇಡ. ತುಟಿಯನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳ ವಯಸ್ಸಿನಲ್ಲೇ ಹೊಲಿದು ಸರಿಮಾಡುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದಕ್ಕೆ ದುಡ್ಡು ಕೊಡಬೇಕಿಲ್ಲ. ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯಲ್ಲಿ ಕೇಳಿ.

ಹುಣ್ಣಿಮೆ ಅಮಾಸೆಗೆ ಹುಚ್ಚು ಏರುತ್ತದೆ, ಮೂರ್ಛೆ ರೋಗ ಕೆರಳುತ್ತದೆ ಅಂತಲೂ ಹೇಳುತ್ತಾರೆ. ಕಾರವಾರದ ಕಡಲು ಉಬ್ಬುವುದಿಲ್ಲವೇ, ಹಾಗೇ ಮೈಯ ರಕ್ತವೂ ಅಂತ ವಾದ. ಕಡಲು ಉಬ್ಬುವುದು ನಿಜ. ಆದರೆ ನಿಮ್ಮ ಹಂಡೆಯ ನೀರು ಹುಣ್ಣಿಮೆಗೆ ಉಬ್ಬಿದ್ದನ್ನು ಕಂಡಿದ್ದೀರಾ? ಮೂರ್ಛೆ ರೋಗ ಮಿದುಳಿನದು. ಅದಕ್ಕೆ ದಿನವೂ ಮಾತ್ರೆ ಬೇಕು. ಡಾಕ್ಟರು ಹೇಳದೆ ನಿಲ್ಲಿಸಬಾರದು. ಮೂರ್ಛೆ ಬಂದವರ ಕೈಗೆ ಬೀಗದ ಕೈ ಕೊಡಬೇಡಿ, ಚಪ್ಪಲಿ ಮೂಸಿಸಬೇಡಿ, ಬಾಯಿಗೆ ಏನೂ ತುರುಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ. 5 ನಿಮಿಷದಲ್ಲಿ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.